ಮುದುಕಿಗೆ ಬೇರೆ ತಟ್ಟೆ

ಗುಮಾಸ್ತ ಮಾಡಿದ ತಪ್ಪು ಒಂದೇ. ಚೀಟಿಯಲ್ಲಿ ‘ಕೋಳಿ’ ಎಂಬ ಪದ ಬರೆಯಲಿಲ್ಲ.

ಅವನ ಆರು ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿ ತಿಂಗಳಾಗಿತ್ತು. “ಅಮ್ಮನ ಮನೆಯಿಂದ ನಾನು ಬರೋದ್ರೊಳಗೆ ಒಂದಾದ್ರೂ ಮೊಟ್ಟೆ ಕಾಣ್ಬೇಕು. ಇಲ್ಲಾಂದ್ರೆ ಆರೂ ಪಾತ್ರೆಗೆ” ಎಂದು ಹೆಂಡತಿ ಹೊರಟುಹೋದಳು. ಕೈಯಾರೆ ಸಾಕಿದವನು ಪಶುವೈದ್ಯರನ್ನು ಕರೆಸಿದ.

ಪಶುವೈದ್ಯರು ಬಂದು ಒಂದರ ಹೊಟ್ಟೆ ಒತ್ತಿದರು. “ಏನ್ರೀ, ದಿಂಬು ಹಿಡಿದಂಗಿದೆ! ಲಿವರ್ ಸುತ್ತ ಕೊಬ್ಬು, ಮೊಟ್ಟೆ ಬರೋ ದಾರೀಲೂ ಕೊಬ್ಬು. ಕಾಳು ಕಮ್ಮಿ ಮಾಡಿ. ಹಾಗಂತ ಉಪವಾಸ ಕೆಡವಬೇಡಿ, ಆಮೇಲೆ ಮೊಟ್ಟೆ ಬರೋದೇ ಇಲ್ಲ.”

ಉಳಿದವು ತಳ್ಳಿಹಾಕುತ್ತಿದ್ದ ಮುದಿ ಹೇಂಟೆಗೆ ಬೇರೆ ತಟ್ಟೆಯಲ್ಲಿ ಕಾಳು ಹಾಕಲು ಹೇಳಿದರು. ಗುಮಾಸ್ತ ತನ್ನ ನೆನಪಿಗೆಂದು ಎಲ್ಲವನ್ನೂ ಕಚೇರಿ ಭಾಷೆಯಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದ:

‘ಕೊಬ್ಬು ವಿಪರೀತ ಹೆಚ್ಚಿದೆ. ಮುಕ್ಕಾಲು ಪಾಲು ಮಾತ್ರ ಹಾಕತಕ್ಕದ್ದು. ಎಷ್ಟೇ ಅರಚಿದರೂ ಕರಗಕೂಡದು. ಮುದುಕಿಗೆ ಬೇರೆ ತಟ್ಟೆ.’

ಮೂರು ವಾರ ಕೋಳಿಗಳು ಬೀದಿಯ ನಿದ್ದೆಗೆಡಿಸಿದವು. ಗುಮಾಸ್ತ ಕಿವಿಗೆ ಹತ್ತಿ ತುರುಕಿಕೊಂಡು ಕಾದ. ಮೊಟ್ಟೆ ಬರಲಿಲ್ಲ. ಇವತ್ತು ಮಧ್ಯಾಹ್ನ ಕಚೇರಿಗೆ ಪಕ್ಕದ ಮನೆಯ ದರ್ಜಿಯಮ್ಮನ ಫೋನು ಬಂತು.

“ಅಣ್ಣಾ, ಅಕ್ಕ ಬಂದ್ರು, ಅತ್ತೆಯವರೂ ಬಂದಿದ್ದಾರೆ. ಬಾಗಿಲ ಚೀಟಿ ಅತ್ತೆಗೆ ಕಾಣ್ಲಿಲ್ಲ ಪಾಪ, ಕನ್ನಡಕ ಇರ್ಲಿಲ್ಲ. ನಾನೇ ಗಟ್ಟಿಯಾಗಿ ಓದಿದೆ.”

“ಗಟ್ಟಿಯಾಗಿಯಾ?”

“ಎರಡು ಸಲ.”

ಓಡಿಬಂದರೆ ಅತ್ತೆ ನಡುಮನೆಯಲ್ಲಿ ಬಾಯಿ ತೆರೆದ ಚೀಲದ ಪಕ್ಕ ಕಲ್ಲಿನಂತೆ ಕೂತಿದ್ದರು. “ಬನ್ನಿ ಅಳಿಯಂದ್ರೇ, ನನ್ನ ತಟ್ಟೆ ಯಾವುದು?”

“ಕೊಬ್ಬು ಯಾರಿಗ್ರೀ? ನಂಗಾ, ಅಮ್ಮಂಗಾ?” ಹೆಂಡತಿ ಗುಡುಗಿದಳು.

“ಅಯ್ಯೋ ಮಾರಾಯ್ತಿ, ಕೋಳಿಗೆ!”

“ಇದ್ರಲ್ಲಿ ಎಲ್ಲಿದೆ ಕೋಳಿ?”

ಗೋಡೆಯಾಚೆಯಿಂದ ದರ್ಜಿಯಮ್ಮ, “ನಾನೂ ಹುಡುಕ್ದೆ ಅಕ್ಕಾ, ಇಲ್ಲ.”

ಗುಮಾಸ್ತ ಮತ್ತೆ ಓಡಿ ಪಶುವೈದ್ಯರನ್ನು ಎಳೆದುತಂದ. ಚೀಟಿ ಕೋಳಿಗಳದ್ದೇ ಎಂದು ಅವರು ಆಣೆ ಮಾಡುವ ಹೊತ್ತಿಗೇ ಅತ್ತೆಯ ಚೀಲದೊಳಗೆ ಕೊಕ್ಕೊಕ್ಕೋ ಎಂದು ಸದ್ದಾಯಿತು. ಮುದಿ ಹೇಂಟೆ ಹೊರಗೆ ಹಾರಿತು. ಮಡಿಸಿಟ್ಟ ಸೀರೆಯ ಮೇಲೆ ಬೆಚ್ಚಗೆ ಒಂದು ಮೊಟ್ಟೆ!

ಅತ್ತೆ ನಕ್ಕುಬಿಟ್ಟರು. ಕೋಳಿಗಳು ಉಳಿದವು. ಗುಮಾಸ್ತ ಚೀಟಿ ಕೀಳಲು ಕೈ ಚಾಚಿದ.

“ಇರಿ. ಡಾಕ್ಟ್ರೇ, ಇವರ ಹೊಟ್ಟೇನೂ ಒಂದ್ಸಲ ಒತ್ತಿ” ಎಂದಳು ಹೆಂಡತಿ.

ವೈದ್ಯರು ಒತ್ತಿದರು. “ಇಲ್ಲೂ ಅದೇ ಕೇಸಮ್ಮ.”

ಸಂಜೆ ಅತ್ತೆಯ ಮುಂದೆ ಬೇರೆ ತಟ್ಟೆ ಬಂತು, ಅದರಲ್ಲಿ ಮೊಟ್ಟೆ. ಗುಮಾಸ್ತನ ತಟ್ಟೆಯಲ್ಲಿ ಮುಕ್ಕಾಲು ಪಾಲು. ಅವನು ಅರಚಿ ನೋಡಿದ. ಯಾರೂ ಕರಗಲಿಲ್ಲ.