ಮೂರನೇ ಕ್ಲಾಸಿನ ಬೆಟ್ಟ

ಬೆಟ್ಟ ಚಿಕ್ಕದಾಯಿತು ಎಂದು ಹೆಡ್ ಮೇಡಂ ಮೂಗು ಮುರಿದದ್ದೇ ಎಲ್ಲಕ್ಕೂ ಮೂಲ. ಅವರು ತಮ್ಮ ರೂಮಿನಲ್ಲಿ ತೆಪ್ಪಗೆ ಕೂತಿದ್ದರೆ ಅವರ ಗಂಟೇನು ಹೋಗುತ್ತಿತ್ತೋ ಕಾಣೆ!

ಮೂರನೇ ಕ್ಲಾಸಿನ ಮೇಷ್ಟ್ರು ಎಲ್ಲರಿಗಿಂತ ಮೊದಲೇ ಬಂದು, ಡ್ರಿಲ್ ಮಾಸ್ಟರಿಂದ ಕೇಳಿ ತಂದ ಟೇಬಲ್ ಟೆನಿಸ್ ಮೇಜಿನ ಮೇಲೆ ಹಸಿಮಣ್ಣಿನಲ್ಲಿ ಬೆಟ್ಟ, ಪ್ರಸ್ಥಭೂಮಿ, ಬಯಲು ಎಲ್ಲ ಮಾಡಿಟ್ಟಿದ್ದರು. ಕೊನೆಗೆ ನೀಲಿ ತಟ್ಟೆಯೊಂದು ಸಮುದ್ರ. ಮೇಲಿಂದ ಚೊಂಬಿನಲ್ಲಿ ನೀರು ಬಿಟ್ಟರೆ ನದಿ ಹರಿದು ಸಮುದ್ರ ಸೇರುತ್ತಿತ್ತು. ಪಾಪ, ಎಷ್ಟು ಚೆನ್ನಾಗಿತ್ತು!

ಅವತ್ತು ಇನ್ಸ್‌ಪೆಕ್ಟರ್ ಪಾಠ ನೋಡಲು ಬರುವವರಿದ್ದರು. ಮೇಷ್ಟ್ರ ಹೆಂಡತಿ, ಪುಟ್ಟ ಮಗಳು ಇದ್ದದ್ದು ದೂರದ ಇನ್ನೊಂದು ಊರಿನಲ್ಲಿ. ಆ ಊರಿನ ಸ್ಕೂಲಿನಲ್ಲಿ ಒಂದು ಜಾಗ ಖಾಲಿಯಿತ್ತು. ಯಾರನ್ನು ಕಳಿಸಬೇಕೆಂದು ಇನ್ಸ್‌ಪೆಕ್ಟರು ಅವತ್ತೇ ಪಾಠ ನೋಡಿ ತೀರ್ಮಾನಿಸುವವರಿದ್ದರು. ಮೇಷ್ಟ್ರು ರಜೆಗೆ ಮನೆಗೆ ಹೋದರೆ ಮಗಳು "ಅಮ್ಮಾ, ಯಾರೋ ಬಂದ್ರು" ಎಂದು ಬಾಗಿಲ ಹಿಂದೆ ಅಡಗುತ್ತಿದ್ದಳು. ಹೆತ್ತ ಅಪ್ಪನಿಗೆ ಇದಕ್ಕಿಂತ ಸಂಕಟ ಬೇಕೆ?

"ಇದೇನ್ರೀ, ಹುತ್ತ ಇದ್ದ ಹಾಗಿದೆ? ಪಕ್ಕದ ಸ್ಕೂಲಿನವರ ಬೆಟ್ಟ ಕಿಟಕಿ ಮುಟ್ಟಿತ್ತಂತೆ. ನಮ್ಮ ಮರ್ಯಾದೆ ಪ್ರಶ್ನೆ!" ಎಂದರು ಹೆಡ್ ಮೇಡಂ. ಬುಟ್ಟಿಗಟ್ಟಲೆ ಮಣ್ಣು ಬಂದು ಬಿತ್ತು.

"ಮೇಡಂ, ಮೇಜು ತಡೆಯಲ್ಲ..."

"ನನ್ನ ಮೇಜಿನ ಬಗ್ಗೆ ಮಾತಾಡಬೇಡಿ! ಆನೆ ಹತ್ತಿ ಕುಣಿದ್ರೂ ಅಲ್ಲಾಡಲ್ಲ" ಎಂದು ಡ್ರಿಲ್ ಮಾಸ್ಟರು ನುಗ್ಗಿ ಬಂದರು. ಬಂದವರು ಸುಮ್ಮನಿದ್ದರೇ? ಬೆಟ್ಟ ಎಂದಮೇಲೆ ಬಂಡೆ ಬೇಡವೇ ಎಂದು ಆಟದ ರೂಮಿನಿಂದ ಕಬ್ಬಿಣದ ಶಾಟ್‌ಪುಟ್ ಗುಂಡುಗಳನ್ನು ತಂದು ಶಿಖರದ ಮೇಲೆ ಕೂರಿಸಿದರು. ಹಾಡಿನ ಟೀಚರು ತಾವೇನು ಕಡಿಮೆ ಎಂದು ವರಾಂಡದ ಹೂಕುಂಡಗಳನ್ನೆಲ್ಲ ಹೊತ್ತು ತಂದು ಕಾಡು ಬೆಳೆಸಿದರು. ಮೇಷ್ಟ್ರು ಕೈ ಮುಗಿದರು, ಗದರಿದರು, ಕೊನೆಗೆ ಹಲ್ಲು ಕಡಿದುಕೊಂಡು ನಿಂತರು. ಕೇಳುವವರು ಯಾರು?

ಇನ್ಸ್‌ಪೆಕ್ಟರ್ ಬಂದು ಕೂತರು. ಮೇಷ್ಟ್ರು ಚೊಂಬು ಎತ್ತಿ, "ಮಕ್ಕಳೇ, ನದಿ ಹುಟ್ಟೋದು ಎಲ್ಲಿ?" ಎಂದು ನೀರು ಬಿಟ್ಟರು ನೋಡಿ, ಮೇಜಿನ ಕಾಲು ಲಟಕ್ ಎಂದಿತು. ಕಾಡು, ಬೆಟ್ಟ, ಬಯಲು, ಎಲ್ಲ ಒಟ್ಟಿಗೆ ಸಮುದ್ರದ ಮೇಲೆ ಕುಸಿದವು. ಒಂದು ಗುಂಡು ಗಡಗಡ ಉರುಳಿ ಇನ್ಸ್‌ಪೆಕ್ಟರ ಕಾಲಿನ ಹೆಬ್ಬೆರಳಿಗೆ ಬಡಿಯಿತು.

"ಅದು ನಂದು ಸಾರ್" ಎಂದು ಡ್ರಿಲ್ ಮಾಸ್ಟರು ಬಗ್ಗಿ ಎತ್ತಿಕೊಂಡರು.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸಾರ್, ಬೆಟ್ಟ ಯಾಕೆ ಬಿತ್ತು?"

ಮೇಷ್ಟ್ರ ಸಿಟ್ಟು ನೆತ್ತಿಗೇರಿತು. "ಯಾಕೆ ಅಂದ್ರೆ, ಮೇಲೆ ಮೇಲೆ ಹೇರಿದ್ರು! ಕೆಳಗಿರೋದು ತಡೆಯುತ್ತಾ ಅಂತ ಒಬ್ಬರಾದ್ರೂ ಯೋಚನೆ ಮಾಡಿದ್ರಾ? ಅದರ ಮೇಲೆ ನೀರೂ ಬಿತ್ತು. ಇನ್ನೇನಾಗುತ್ತೆ? ಕುಸಿಯುತ್ತೆ!"

ಹೆಬ್ಬೆರಳು ನೀವಿಕೊಳ್ಳುತ್ತಿದ್ದ ಇನ್ಸ್‌ಪೆಕ್ಟರು ಎದ್ದು ಚಪ್ಪಾಳೆ ತಟ್ಟಿದರು. "ಭಲೇ! ಭೂಕುಸಿತವನ್ನ ಕಣ್ಣಮುಂದೆ ತಂದು ಇಟ್ಟುಬಿಟ್ರಿ! ನನ್ನ ಸರ್ವಿಸಿನಲ್ಲೇ ಇಂಥ ಪಾಠ ನೋಡಿಲ್ಲ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಸಾರ್, ನನ್ನ ವರ್ಗಾವಣೆ...?"

"ಹೆದರಬೇಡಿ, ತಡೆದಿದ್ದೀನಿ! ಇಂಥ ರತ್ನವನ್ನ ಈ ಸ್ಕೂಲಿಂದ ಕಳಿಸ್ತೀವಾ? ನಾನಿರೋವರೆಗೂ ನಿಮ್ಮನ್ನ ಯಾರೂ ಕದಲಿಸೋಕಾಗಲ್ಲ."

"ಅಯ್ಯೋ ಸಾರ್, ಅರ್ಜಿ ಹಾಕಿದ್ದೇ ನಾನು! ಹೆಂಡತಿ, ಮಗು..."

"ಅವರನ್ನ ಇಲ್ಲಿಗೇ ಕರೆಸ್ಕೊಳ್ಳಿ."

"ಅವಳಿಗೂ ಅಲ್ಲೇ ಕೆಲಸ ಸಾರ್!"

ಇನ್ಸ್‌ಪೆಕ್ಟರ್ ಆಗಲೇ ಕುಂಟುತ್ತ ಬಾಗಿಲು ದಾಟಿದ್ದರು. "ಆ ಜಾಗಕ್ಕೆ ಗುಂಡಿನ ಮಹಾನುಭಾವರನ್ನ ಹಾಕಿದ್ದೀನಿ. ಊರು ಬಿಟ್ಟು ಊರಿಗೆ ಹೋದ್ರೆ ಬುದ್ಧಿ ಬರುತ್ತೆ!"

ಸಂಜೆ ಗೇಟಿನ ಬಳಿ ಡ್ರಿಲ್ ಮಾಸ್ಟರು ಮುಖ ಗಂಟಿಕ್ಕಿಕೊಂಡು ಕಾದು ನಿಂತಿದ್ದರು.

"ಎಲ್ಲ ನಿಮ್ಮಿಂದಲೇ ಕಣ್ರೀ! ನನ್ನ ಮೇಜೂ ಹೋಯ್ತು, ಊರೂ ಬಿಡೋ ಹಾಗಾಯ್ತು" ಎಂದು ಹರಿಹಾಯ್ದರು. ಆಮೇಲೆ ದೊಡ್ಡ ಮನಸ್ಸು ಮಾಡಿದವರಂತೆ ದನಿ ಇಳಿಸಿ, "ಹೋಗ್ಲಿ ಬಿಡಿ. ನಿಮ್ಮನೆ ವಿಳಾಸ ಕೊಡಿ, ಹೊಸ ಊರಲ್ಲಿ ಗುರುತಿನವರು ಅಂತ ಬೇಕಲ್ಲ. ಮಗುಗೇನಾದ್ರೂ ಹೇಳೋದಿದ್ರೆ ಹೇಳಿ, ನಾನು ದಿನಾ ನೋಡ್ತಾ ಇರ್ತೀನಿ" ಎಂದರು.