ಗಡಿಯಾರದ ಕೆಳಗೆ ಒಂಬತ್ತಕ್ಕೆ

ಆ ಹುಡುಗನನ್ನು ಹಾಸ್ಟೆಲಿನವರೆಲ್ಲ ಗೊರಕೆ ಎಂದೇ ಕರೆಯುತ್ತಿದ್ದರು. ವಿಶ್ವವಿದ್ಯಾಲಯ ಸೇರಿ ಮೂರನೇ ವರ್ಷವಾದರೂ ತರಗತಿಯ ಬೆಂಚಿಗೆ ಅವನ ಪರಿಚಯ ಅಷ್ಟಕ್ಕಷ್ಟೇ. ಹಾಜರಾತಿ ಸಾಲದೆ ಪರೀಕ್ಷೆಗೇ ಕುತ್ತು ಬಂದಾಗ, ವಿಭಾಗದ ಮೇಡಂ ಕೊನೆಯದೊಂದು ದಾರಿ ಹೇಳಿದರು.

"ಹೊಸಬರಿಗೆ ಹಳಬರು ಜೊತೆಗಾರರಾಗೋ ಯೋಜನೆ ಶುರು ಮಾಡಿದೀನಿ. ನಾಳೆ ಒಂಬತ್ತಕ್ಕೆ ಹಳೇ ಗಡಿಯಾರದ ಕೆಳಗೆ ನಿಂತ್ಕೋ. ಹೊಸಬರೂ ಅಲ್ಲಿಗೇ ಬರ್ತಾರೆ. ಒಬ್ಬನಿಗೆ ಕ್ಯಾಂಟೀನಿಂದ ಲೈಬ್ರರಿ ತನಕ ಎಲ್ಲಾ ತೋರಿಸಿ, ಈ ಹಾಳೆಗೆ ಅವನ ಸಹಿ ತಗೊಂಡ್ಬಾ. ಪರೀಕ್ಷೆಗೆ ಕೂರಿಸ್ತೀನಿ."

ಬೆಳಿಗ್ಗೆ ಗಡಿಯಾರದ ಕೆಳಗೆ ಕನ್ನಡಕದ ಹುಡುಗನೊಬ್ಬ ನಿಂತಿದ್ದ.

"ಹೆದರ್ಕೋಬೇಡಪ್ಪ, ನಾನಿದೀನಿ" ಅಂದ ಗೊರಕೆ.

"ನಾನೂ ಇದೀನಲ್ಲ" ಅಂದ ಕನ್ನಡಕ.

ಹೊಸಬನಾದರೂ ಗಟ್ಟಿಗ ಎಂದುಕೊಂಡ ಗೊರಕೆ, ಕ್ಯಾಂಟೀನನ್ನು ಸ್ವಂತ ಮನೆಯಂತೆ ತೋರಿಸಿದ. ಆಮೇಲೆ ಲೈಬ್ರರಿಯ ಸರದಿ. ಅದನ್ನು ಅವನು ಕಂಡೇ ಇರಲಿಲ್ಲ.

"ನೀನೇ ಮುಂದೆ ನಡಿ. ಹಾಗೇ ಕಲಿಯೋದು."

"ಬೇಡ, ನೀನೇ ನಡಿ. ತಪ್ಪಿದ್ರೆ ಹೇಳ್ತೀನಿ."

ಇಬ್ಬರೂ ಗಾಣದೆತ್ತಿನ ಹಾಗೆ ಸುತ್ತಿದರು. ಒಂದು ಬಾಗಿಲು ತೆರೆದರೆ ಪ್ರಯೋಗಶಾಲೆ. ಮೇಷ್ಟ್ರು ಗದರಿ ಅಟ್ಟಿದರು. ಇನ್ನೊಂದು ಗೇಟು ದಾಟಿದರೆ ಹೆಣ್ಣುಮಕ್ಕಳ ಹಾಸ್ಟೆಲು. ಕಾವಲುಗಾರ ಕೋಲೆತ್ತಿಕೊಂಡು ಬಂದ. ಗಿಡಕ್ಕೆ ನೀರು ಹಾಕುತ್ತಿದ್ದ ಮಾಲಿ, "ಮೂರನೇ ಸುತ್ತು ಕಣ್ರಪ್ಪಾ! ಹರಕೆ ಏನಾದ್ರೂ ಹೊತ್ತಿದೀರಾ?" ಎಂದು ನಕ್ಕ.

ಕಡೆಗೆ ಪುಸ್ತಕ ಅವಚಿಕೊಂಡ ಎರಡು ಜಡೆಯ ಹುಡುಗಿ ಕರುಣೆಯಿಂದ ಕೇಳಿದಳು: "ಎಲ್ಲಿಗೆ ಹೋಗ್ಬೇಕಣ್ಣ?"

"ಲೈಬ್ರರಿ" ಇಬ್ಬರೂ ಪಿಸುಗುಟ್ಟಿದರು. ಬಾಗಿಲ ತನಕ ಬಿಟ್ಟು ಹೋದಳು ಪುಣ್ಯಾತ್ಗಿತ್ತಿ.

"ಸಹಿ ಹಾಕಪ್ಪ" ಎಂದು ಗೊರಕೆ ಹಾಳೆ ಚಾಚಿದ. ಕನ್ನಡಕದವನೂ ಅಂಥದ್ದೇ ಹಾಳೆ ಚಾಚಿದ.

"ನೀನು ಹೊಸಬ ಅಲ್ವಾ?"

"ಮೂರನೇ ವರ್ಷ ಕಣೋ!"

ಇಬ್ಬರೂ ಲೈಬ್ರರಿಯ ಬಾಗಿಲನ್ನು ನೋಡಿದರು. "ಈ ಬಾಗಿಲಿಗೆ ಇಬ್ರೂ ಹೊಸಬರೇ ತಾನೇ?" ಅಂದ ಗೊರಕೆ. ದೇವರನ್ನು ನೆನೆದು, ಹೊಸಬರು ಎಂದಿದ್ದ ಕಡೆ ಒಬ್ಬರ ಹಾಳೆಗೆ ಇನ್ನೊಬ್ಬರು ಸಹಿ ಹಾಕಿದರು.

ಮೇಡಂ ಇಬ್ಬರ ಹಾಳೆಗಳನ್ನೂ ನೋಡಿ ನಿಟ್ಟುಸಿರಿಟ್ಟರು. "ಗಡಿಯಾರದ ಕೆಳಗೆ ಒಬ್ಬ ಹೊಸಬನೂ ಬರ್ಲಿಲ್ಲ. ಅದೆಲ್ಲಿದೆ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು? ತಪ್ಪು ನಂದೇ. ಹೋಗ್ಲಿ, ಪರೀಕ್ಷೆಗೆ ಕೂತ್ಕೊಳ್ಳಿ."

ಗೊರಕೆಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಹೊಸಬರು ಅಂತ ಇಬ್ರೂ ಬರ್ಕೊಟ್ಟಿದೀರಿ. ಒಂದು ತಿಂಗಳು ದಿನಾ ಜೊತೆಗಾರರ ಹಿಂದೆ ತರಗತಿಗೆ ಹೋಗ್ಬೇಕು. ಬಾರಮ್ಮಾ!"

ಒಳಗೆ ಬಂದವಳು ಎರಡು ಜಡೆಯ ಹುಡುಗಿ.

"ಮೊನ್ನೆ ಸೇರಿದ್ಳು. ಯಾರೂ ಸಿಗದೆ ಎಲ್ಲಾ ತಾನೇ ಹುಡುಕ್ಕೊಂಡಿದಾಳೆ."

"ಬೆಳಿಗ್ಗೆ ಏಳಕ್ಕೇ ಬಂದ್ಬಿಡಿ ಅಣ್ಣ, ಆ ಗಡಿಯಾರದ ಕೆಳಗೆ" ಅಂದಳು ಅವಳು. ಆಮೇಲೆ ತುಸು ನಾಚಿ, "ಅದೊಂದೆಲ್ಲಿದೆ ಅಂತ ಮಾತ್ರ ನೀವೇ ತೋರಿಸ್ಬೇಕು."