ಗಾಲಿಮನೆಯಲ್ಲಿ ನನಗೊಂದು ಜಾಗ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಸ್ವಲ್ಪ ಜಂಬವಿದೆ. ಸ್ವಲ್ಪ ಎನ್ನುವುದು ನನ್ನ ಅಂದಾಜು. ನನ್ನ ಹೆಂಡತಿ ಸುಧಾಳನ್ನು ಕೇಳಿದರೆ ಬೇರೆ ಲೆಕ್ಕ ಹೇಳಿಯಾಳು. ನಮ್ಮ ವಂಶದಲ್ಲಿ ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಂಡವನು ನಾನೇ ಮೊದಲನೆಯವನು. ತೊಣ್ಣೂರಿನ ಪಕ್ಕದ ನಮ್ಮೂರಿನಲ್ಲಿ, ಈಗಿಲ್ಲದ ಅಪ್ಪ ಮೂರನೆಯ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವರು, ಅವ್ವ ಇವತ್ತಿಗೂ ಹೆಬ್ಬೆಟ್ಟು. ಈಗ ನಾನು ಶ್ರೀರಂಗಪಟ್ಟಣದಲ್ಲಿ ಹೈಸ್ಕೂಲು ಮೇಷ್ಟ್ರು, ಸಮಾಜ ವಿಜ್ಞಾನ. ಓದಿದವನು ಎಂಬ ಕಾರಣಕ್ಕೆ ನೆಂಟರೆಲ್ಲ ರೇಷನ್ ಕಾರ್ಡಿನ ಅರ್ಜಿಯಿಂದ ಹಿಡಿದು ಮಾತ್ರೆಯ ಚೀಟಿಯವರೆಗೆ ನನ್ನ ಮುಂದೆ ಹಿಡಿಯುತ್ತಾರೆ. ಒಮ್ಮೆ ಪಂಪ್‌ಸೆಟ್ಟಿನ ಮೋಟಾರು ಕೆಟ್ಟಾಗಲೂ “ಓದ್ದೋನು, ಒಸಿ ಬಂದು ನೋಡ್ಲಾ” ಎಂದು ಕರೆಸಿದ್ದರು. ಹೋಗಿ ಗಂಭೀರವಾಗಿ ನೋಡಿ ಬಂದೆ. ನೋಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಇಂಥ ನನಗೆ ಈ ಸಲದ ದಸರಾ ರಜೆಗೆ ಒಂದು ಯೋಗ ಕೂಡಿಬಂತು. ಸುಧಾಳ ತಮ್ಮ ಮಂಜು ಪಾಂಡವಪುರದಲ್ಲಿ ಕಬ್ಬಿನ ಟ್ರೈಲರು ಕಟ್ಟುವ ವೆಲ್ಡಿಂಗ್ ಶೆಡ್ಡು ಇಟ್ಟಿದ್ದಾನೆ. ಸುಗ್ಗಿ ಇಲ್ಲದ ತಿಂಗಳುಗಳಲ್ಲಿ ಕೈ ಸುಮ್ಮನಿರದೆ, ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಒಂದು ಪುಟ್ಟ ಮನೆಯನ್ನೇ ಕಟ್ಟಿದ. ಒಳಗೆ ಮೇಲೆರಡು, ಕೆಳಗೆರಡು, ಒಟ್ಟು ನಾಲ್ಕು ಹಾಸಿಗೆ. ಒಂದು ಗ್ಯಾಸ್ ಒಲೆ, ನೀರಿನ ತೊಟ್ಟಿ, ಕಿಟಕಿಗೆ ಸುಧಾ ಹೊಲಿದ ಹೂವಿನ ಪರದೆ. ಕಾಗದ ಪತ್ರ ಎಲ್ಲ ಸರಿಮಾಡಿಸಿಕೊಂಡು ಬಂದು, “ಭಾವ, ಗಾಡಿ ನಂದು, ಓಡ್ಸಾದು ನಂದು. ಎಲ್ಲಿಗೆ ಅನ್ನಾದು ಮಾತ್ರ ನಿಮ್ದು, ನೀವು ಓದಿರೋರು” ಎಂದ. ಆ ಮಾತು ಕೇಳಿದ ಮೇಲೆ ನನಗೆ ಆ ವಾರವೆಲ್ಲ ಊಟ ರುಚಿಸಿತು.

ಕೂತು ಪಟ್ಟಿ ಹಾಕಿದೆ. ಹತ್ತು ದಿನ. ನಾಗಮಂಗಲದ ಮೇಲೆ ಹಾದು ಹಂಪಿ, ಅಲ್ಲಿಂದ ಬಾದಾಮಿ, ಅಲ್ಲಿಂದ ಗೋಕರ್ಣ, ವಾಪಸು ಕೆ.ಆರ್.ಪೇಟೆಯ ಮೇಲೆ ಮನೆಗೆ. ಯಾವ ಊರಿಗೆ ಎಷ್ಟು ಗಂಟೆಗೆ, ಎಲ್ಲಿ ಕಾಫಿ, ಕಾಫಿಗೆ ಎಷ್ಟು ನಿಮಿಷ, ಎಲ್ಲ ಕೆಂಪು ನೀಲಿ ಶಾಯಿಯಲ್ಲಿ ಗೆರೆ ಹೊಡೆದು ಬರೆದೆ. ನನ್ನ ಎಂಟನೆಯ ಕ್ಲಾಸಿನ ಮಗಳು ನೋಡಿ, “ಅಪ್ಪ, ಬಾತ್‌ರೂಮಿಗೆ ಹೋಗೋದು ಯಾವ ಕಾಲಮ್ಮಲ್ಲಿದೆ?” ಎಂದಳು. ಅದನ್ನೂ ಸೇರಿಸಿದೆ. ಇಷ್ಟೆಲ್ಲ ಅವ್ವನಿಗಾಗಿ. ಮೈಸೂರು, ಕೆ.ಆರ್.ಎಸ್. ಬಿಟ್ಟು ಆಚೆಗೆ ಕಾಲಿಟ್ಟವಳಲ್ಲ ಅವಳು. ನನ್ನನ್ನು ಓದಿಸಿದ ಇಪ್ಪತ್ತು ವರ್ಷ ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವುದರಲ್ಲೇ ಅವಳ ತಿರುಗಾಟ ಮುಗಿದಿತ್ತು. ಅವಳನ್ನು ಹಂಪಿಯ ಕಲ್ಲಿನ ರಥದ ಮುಂದೆ ನಿಲ್ಲಿಸಿ ಒಂದು ಫೋಟೋ ತೆಗೆಯಬೇಕು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಊರಿಗೆ ಹೋಗಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಪಟ್ಟಿಯನ್ನು ಗಟ್ಟಿಯಾಗಿ ಓದಿದೆ. ಅವ್ವ ಹಾಲು ಕರೆಯುತ್ತಲೇ ಕೇಳಿಸಿಕೊಂಡಳು.

“ಹಸ ಯಾರು ನೋಡ್ಕತಾರ್ಲಾ?”

“ಪಕ್ಕದ್ಮನೆ ಜಯಕ್ಕನ್ನ ಕೇಳಿವ್ನಿ. ಕರ್ದು ಡೈರಿಗೂ ಆಕ್ತೀನಿ ಅಂದವ್ಳೆ.”

“ನಾಗಮಂಗ್ಲದ ಮ್ಯಾಲೆ ಹೋಗಾದು ಅಂದ್ಯಲ್ಲ, ಚಿಕ್ಕವ್ವನ ಮನೇಲಿ ಏಸು ದಿನ?”

ಚಿಕ್ಕವ್ವ ಎಂದರೆ ಅವ್ವನ ತಂಗಿ, ನಾಗಮಂಗಲದ ಹತ್ತಿರದ ಹಳ್ಳಿಯಲ್ಲಿದ್ದಾಳೆ. ಪಟ್ಟಿಯಲ್ಲಿ ಅವಳಿಗೆ ಜಾಗವೇ ಇರಲಿಲ್ಲ. ನಾನು ತಕ್ಷಣ ಅರ್ಧ ಗಂಟೆ ಮಂಜೂರು ಮಾಡಿದೆ.

“ಅರ್ಧ ಗಂಟೇಲಿ ಕೋಳಿನೇ ಕೈಗೆ ಸಿಕ್ಕಾಕಿಲ್ಲ, ಇನ್ನು ಸಾರು ಯಾವಾಗ ಕಾಯಾದು? ಬರ್ತಾ ಕೆ.ಆರ್.ಪೇಟೆ ಅತ್ತೆ ಮನೆ?” ಅತ್ತೆ ಎಂದರೆ ಅಪ್ಪನ ತಂಗಿ.

“ಅವ್ವ, ಅಂಗೆ ಎಲ್ಲಾರ ಮನೆಗೂ ಹೋಯ್ತಾ ಕುಂತ್ರೆ ಹಂಪಿ ನೋಡಾದು ಯಾವಾಗ?”

ಅವ್ವ ಚೆಂಬು ಕೆಳಗಿಟ್ಟಳು. “ನೀವೇ ಹೋಗ್ಬನ್ರಪ್ಪ. ನಾ ಬರಾಕಿಲ್ಲ. ನೀನು ಪೀಯೂಸಿ ಓದೋವಾಗ ಎಲ್ಡು ವರ್ಷ ಮುದ್ದೆ ಇಕ್ಕಿದ್ದು ನಿಮ್ಮತ್ತೆ. ಮೈಸೂರ್ನಲ್ಲಿ ಡಿಗ್ರಿ ಓದೋವಾಗ ಬಸ್ನಲ್ಲಿ ಕಂಡಕ್ಟ್ರ ಕೈಲಿ ರಾಗಿಹಿಟ್ಟು, ಹುರುಳಿಕಾಳು ಕಳಿಸ್ತಿದ್ದದ್ದು ಚಿಕ್ಕವ್ವ. ಅಂಥೋರ ಬಾಗ್ಲ ಮುಂದೆ ಮನೆಯಂಥ ಗಾಡಿ ತಕ್ಕಂಡು ಬುರ್ರಂತ ಹೋಗ್ಬುಟ್ರೆ ನಾಳೆ ನಾನೆಂಗ್ಲಾ ಮುಖ ತೋರ್ಸಾದು?”

ಬಿ.ಎ., ಬಿ.ಎಡ್. ಆದ ನಾನು ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡೆ. ಹಸುವೂ ನನ್ನನ್ನೇ ನೋಡುತ್ತಿತ್ತು. ನಿಜ ಹೇಳಬೇಕೆಂದರೆ, ಡಿಗ್ರಿ ಬಂದ ದಿನ ಇಬ್ಬರಿಗೂ ಫೋನು ಮಾಡಿ ವಿಷಯ ತಿಳಿಸಿದ್ದೆ. ಹೋಗಿ ಕಾಲಿಗೆ ಬಿದ್ದಿರಲಿಲ್ಲ. ಆಮೇಲೆ ಕೆಲಸ, ಮದುವೆ, ಮನೆ ಎಂದು ದಿನ ಹೋಗಿಯೇ ಬಿಟ್ಟವು. ಅವ್ವ ಬರದಿದ್ದರೆ ಈ ಪ್ರವಾಸಕ್ಕೆ ಅರ್ಥವೇ ಇಲ್ಲ. ಹಂಪಿ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಅವ್ವನ ಮಂಡಿನೋವು ವರ್ಷ ವರ್ಷಕ್ಕೂ ಹೆಚ್ಚುತ್ತಿದೆ.

ಹಾಗಾಗಿ, ದೊಡ್ಡ ಪ್ರವಾಸಕ್ಕೆ ಮುಂಚೆ ಗಾಡಿಯ ಪರೀಕ್ಷೆಯೂ ಆದಂತಾಯಿತು ಎಂದು ಒಂದು ಶನಿವಾರ ಸ್ಕೂಲು ಮುಗಿಸಿ ಎಲ್ಲರೂ ಚಿಕ್ಕವ್ವನ ಊರಿಗೆ ಹೊರಟೆವು. ಗಾಲಿಮನೆ ಊರೊಳಗೆ ಬಂದದ್ದೇ ತಡ, ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದವರೆಲ್ಲ ಹಿಂದೆ ಬಂದರು. ನಾನು ಇಳಿದವನೇ ಚಿಕ್ಕವ್ವನ ಕಾಲಿಗೆ ಬಿದ್ದೆ. ಅವಳು ತಲೆ ಸವರಿ, “ಈಗ ಬಂದ್ಯೇನ್ಲಾ, ಮುದುಕ ಆದ್ಮೇಲೆ!” ಎಂದಳು. ನನಗೆ ನಲವತ್ತೆರಡು. ಊರಿನವರೆಲ್ಲ ನಕ್ಕರು, ಮಂಜು ಸ್ವಲ್ಪ ಹೆಚ್ಚೇ ನಕ್ಕ.

ನಾವು ಗಾಡಿಯಲ್ಲೇ ಅಡಿಗೆ ಮಾಡಿಕೊಂಡು ಅಲ್ಲೇ ಮಲಗುತ್ತೇವೆ, ಅದಕ್ಕೇ ಇದನ್ನು ಮಾಡಿಸಿದ್ದು ಎಂದು ವಿವರಿಸಿದೆ. ಚಿಕ್ಕವ್ವನ ಮುಖ ಗಂಟಾಯಿತು. “ನನ್ನ ಮನೆ ಮುಂದೆ ಒಲೆ ಹಚ್ತೀಯಾ? ಊರೋರು ಏನಂದ್ಕತಾರೆ? ನಡಿ ಒಳೀಕೆ.” ಕೋಳಿ ಹಿಡಿಸಿದಳು. ಅವ್ವ ಹೇಳಿದ್ದು ನಿಜ, ಅದಕ್ಕೇ ಅರ್ಧ ಗಂಟೆ ಹಿಡಿಯಿತು. ಉಂಡಾದ ಮೇಲೆ ಹೊಸ ಸಮಸ್ಯೆ. ಅವಳದು ಎರಡು ಕೋಣೆಯ ಮನೆ, ನಾವು ಐದು ಜನ. ನೆಂಟರು ಗಾಡಿಯಲ್ಲಿ ಮಲಗಕೂಡದು ಎಂದು ಹಟ ಹಿಡಿದು, ನಮಗೆ ಮನೆಯಲ್ಲಿ ಚಾಪೆ ಹಾಸಿಕೊಟ್ಟು, ಚಿಕ್ಕವ್ವ ಚಿಕ್ಕಪ್ಪ ಇಬ್ಬರೂ ಕಂಬಳಿ ಹೊತ್ತು ಗಾಡಿ ಹತ್ತಿಬಿಟ್ಟರು. ಹೀಗೆ ನಮ್ಮ ಗಾಲಿಮನೆಯ ಗೃಹಪ್ರವೇಶ ನಾವಿಲ್ಲದೆಯೇ ಆಯಿತು.

ಬೆಳಿಗ್ಗೆ ಚಿಕ್ಕವ್ವ ಪರದೆ ಸರಿಸಿ, ಇಳಿಯದೆ ಅಲ್ಲೇ ಕಾಫಿ ತರಿಸಿಕೊಂಡಳು. ಬೀದಿಯಲ್ಲಿ ಹೋಗುವವರಿಗೆಲ್ಲ, “ನಮ್ಮಕ್ಕನ ಮಗ! ನಮ್ಮನೆ ಹಿಟ್ಟು ತಿಂದು ಓದ್ದೋನು! ಈಗ ನೋಡು, ಮನೆನೇ ಕಟ್ಕಂಡು ಬಂದವ್ನೆ!” ಎಂದು ಕೂಗಿ ಹೇಳುತ್ತಿದ್ದಳು. ಕಟ್ಟಿದವನು ಮಂಜು ಎಂದು ನಾನು ತಿದ್ದಬೇಕಿತ್ತು. ತಿದ್ದಲಿಲ್ಲ. ಜಗಲಿಯ ಮೇಲೆ ಕೂತಿದ್ದ ಅವ್ವ ಸೆರಗಿನಲ್ಲಿ ಕಣ್ಣೊರಸಿಕೊಂಡು, ಒಲೆಯ ಹೊಗೆ ಎಂದಳು. ಒಲೆ ಇದ್ದದ್ದು ಹಿತ್ತಲಿನಲ್ಲಿ.

“ಹಂಪಿಗೆ ಯಾವತ್ತು ಅಂದೆ?” ಎಂದಳು ಚಿಕ್ಕವ್ವ.

ದಿನ ಹೇಳಿದೆ.

“ನಾನೂ ಬತ್ತೀನಿ ಕಣ್ಲಾ. ನಿದ್ದೆ ಚೆನ್ನಾಗಿ ಬತ್ತದೆ ಇದ್ರಲ್ಲಿ.”

“ನೀನು ಬಂದ್ರೆ ನಾನೂ ಬತ್ತೀನಿ” ಎಂದುಬಿಟ್ಟಳು ಅವ್ವ. ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಅವಳೇ ಸೇರಿಸಿದಳು: “ಅಂಗಾರೆ ಕೆ.ಆರ್.ಪೇಟೆ ಅತ್ತೇನ ಬುಟ್ಟು ಹೋಗಾಕಾಯ್ತದಾ? ಮೊದ್ಲು ಅತ್ಲಾಗ್ ಹೋಗಿ ಅವ್ಳ ಕರ್ಕಂಡೇ ಹೊಲ್ಡವ.”

ಈಗ ಪಟ್ಟಿ ಆರನೆಯ ಸಲ ಬದಲಾಗಿದೆ. ಮೊದಲ ದಿನ ಅತ್ತೆಯ ಮನೆ, ಎರಡನೆಯ ದಿನ ಚಿಕ್ಕವ್ವನ ಮನೆ. ಗೋಕರ್ಣ ಬಿಟ್ಟುಹೋಗಿದೆ, ಹಂಪಿ ಭದ್ರವಾಗಿದೆ. ಕೆಳಗಿನ ಎರಡು ಹಾಸಿಗೆ ಅವ್ವನಿಗೆ ಮತ್ತು ಅತ್ತೆಗೆ. ಮೇಲಿನ ಒಂದು ಹಾಸಿಗೆ ಚಿಕ್ಕವ್ವನಿಗೆ, ಇನ್ನೊಂದು ಸುಧಾ ಮತ್ತು ಮಗಳಿಗೆ. ಮಂಜು ಜೀಪಿನ ಹಿಂದಿನ ಸೀಟಿನಲ್ಲಿ ಮಲಗುತ್ತಾನೆ. ಓಡಿಸುವವನಿಗೆ ನಿದ್ದೆ ಬೇಕಲ್ಲ. ನನಗೆ ಎಲ್ಲಿ ಎಂದು ಕೇಳಿದ್ದಕ್ಕೆ ಅವ್ವ, ಚಿಕ್ಕವ್ವ, ಫೋನಿನಲ್ಲಿ ಅತ್ತೆ, ಮೂವರೂ ಒಟ್ಟಿಗೆ, “ನೀನು ಓದ್ದೋನು, ಎಲ್ಲಾದ್ರೂ ಜಾಗ ನೋಡ್ಕೋ” ಎಂದರು.

ಆದರೂ ನನಗೆ ಕೆಲಸ ಇಲ್ಲದಿಲ್ಲ. ಗಾಡಿ ನಿಂತ ಕಡೆಯೆಲ್ಲ ಹಿಂದಕ್ಕೆ ಉರುಳದ ಹಾಗೆ ಚಕ್ರಕ್ಕೆ ಕಲ್ಲು ಕೊಡಲು ಒಬ್ಬರು ಬೇಕಂತೆ, ಅದನ್ನು ಮಂಜು ನನಗೆ ವಹಿಸಿದ್ದಾನೆ. ನನ್ನನ್ನು ಪದವೀಧರನನ್ನಾಗಿ ಮಾಡಿದ ಮೂವರನ್ನು ಹೊತ್ತ ಗಾಡಿ ಅದು, ಯಾರೋ ಸಿಕ್ಕಿದ ಕಲ್ಲು ಕೊಟ್ಟರೆ ಆಗುತ್ತದೆಯೇ? ನಿನ್ನೆ ಸಂಜೆ ಹೊಳೆಯ ದಂಡೆಗೆ ಹೋಗಿ ಎರಡು ಒಳ್ಳೆಯ ಕಲ್ಲು ಆರಿಸಿ ತಂದಿದ್ದೇನೆ. ತೊಳೆದೂ ಇಟ್ಟಿದ್ದೇನೆ. ಸುಧಾ ನೋಡುತ್ತಾಳೆಂದು ಗೊತ್ತಿದ್ದರೂ, ಒಂದರ ಮೇಲೆ ಚಾಕ್‌ಪೀಸಿನಲ್ಲಿ ಸಣ್ಣಗೆ ಬಿ.ಎ. ಎಂದು ಬರೆದಿದ್ದೇನೆ.